ಮೊಳೆ ಕಿತ್ತ ಬಾಯಿ

"ಅದನ್ನ ಅಲ್ಲೇ ಬುಡಪ್ಪ, ಮುಟ್ಟಬ್ಯಾಡ," ಎಂದರು ಸುವರ್ಣಮ್ಮ.

ಏಣಿಯ ಬುಡದಲ್ಲಿ ನಿಂತಿದ್ದ ಅವರು ಮೇಲಕ್ಕೆ ನೋಡುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನೆಲವನ್ನೇ ದಿಟ್ಟಿಸುತ್ತಿದ್ದರು.

ಅಟ್ಟದ ಮೇಲೆ ಭೀಮರಾಜು ಮಂಡಿಯೂರಿ ಕುಳಿತಿದ್ದ. ಹೊರಗೆ ಸುಡುವ ಬಿಸಿಲು, ಅಲ್ಲಿ ಮಾತ್ರ ಕತ್ತಲು. ಸಿಪ್ಪೆ ಸುಲಿಯದ ಕಾಯಿಗಳನ್ನು ಹರವಿ, ಕೊಬ್ಬರಿಯಾಗಲಿ ಎಂದು ತಿಂಗಳುಗಟ್ಟಲೆ ಬಿಡುವ ಅಟ್ಟ ಅದು. ಒಣ ನಾರು, ಹಳೆಯ ಹೊಗೆ, ಇಲಿಯ ಹಿಕ್ಕೆ, ಕನರಿದ ಎಣ್ಣೆ ಎಲ್ಲ ಸೇರಿದ ದಪ್ಪ ವಾಸನೆಯೊಂದು ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಅವನು ಮೊಬೈಲಿನ ಬೆಳಕನ್ನು ಮೂಲೆಗೆ ಹಿಡಿದಿದ್ದ. ಅಲ್ಲಿ, ಹರಕು ಗೋಣಿಚೀಲದ ಒಳಗಿನಿಂದ, ಒಂದು ಮುಖ ಅವನನ್ನು ನೋಡುತ್ತಿತ್ತು.

ಹಲಸಿನ ಮರದಲ್ಲಿ ಕೆತ್ತಿದ ಹೆಂಗಸಿನ ತಲೆ. ನಿಜವಾದ ತಲೆಯಷ್ಟೇ ದೊಡ್ಡದು. ಹಣೆಯ ಗೆರೆ, ಕೆನ್ನೆಯ ಎಲುಬು, ಮೂಗಿನ ಪಕ್ಕದ ಸಣ್ಣ ನರಹುಲಿಯನ್ನೂ ಬಿಡದೆ ಕೆತ್ತಿದ್ದರು. ಅದು ದೇವರ ಮುಖವಲ್ಲ, ಯಾವಳೋ ಒಬ್ಬಳ ಮುಖ. ಕೆಳದವಡೆಯನ್ನು ಬೇರೆ ತುಂಡಿನಲ್ಲಿ ಮಾಡಿ ಕೂಡಿಸಿದ್ದರು. ಎರಡು ತುಟಿಗಳೂ ಸೇರುವಂತೆ ಮೇಲಿನಿಂದ ಕೆಳಕ್ಕೆ ಉದ್ದನೆಯ ಕಬ್ಬಿಣದ ಮೊಳೆಯೊಂದನ್ನು ಹೊಡೆದು, ಅದರ ತಲೆಗೆ ಕಪ್ಪು ದಾರ ಸುತ್ತಿದ್ದರು. ದಾರದ ಮೇಲೆ ಏನೋ ಮೆತ್ತಿ ಒಣಗಿ ಹೆಪ್ಪಾಗಿತ್ತು.

ಭೀಮರಾಜುವಿಗೆ ಹೆದರಿಕೆಯಾಗಲಿಲ್ಲ, ಆಸೆಯಾಯಿತು.

ಅವನು ಮೈಸೂರಿನವನು. ನಾಟಕಗಳಿಗೆ, ವಸ್ತುಪ್ರದರ್ಶನಗಳಿಗೆ ಚಲಿಸುವ ಗೊಂಬೆಗಳನ್ನು ಮಾಡಿಕೊಡುವುದು ಅವನ ಕಸುಬು. ತುಮಕೂರಿನ ಪ್ರದರ್ಶನದಲ್ಲಿ ಹಾಕುವ ಭೂತಬಂಗಲೆಗೆ ಒಂದು ಮುದುಕಿ ಬೇಕಿತ್ತು. ಜನ ಹತ್ತಿರ ಬಂದರೆ ಅವಳು ತಲೆ ತಿರುಗಿಸಬೇಕು, ಕಣ್ಣು ಹೊರಳಿಸಬೇಕು, ಬಾಯಿ ತೆರೆದು ಮಾತಾಡಬೇಕು. ಅಷ್ಟು ದೊಡ್ಡ ಗೊಂಬೆ ಕಟ್ಟಲು ಬಾಡಿಗೆ ಮನೆಯಲ್ಲಿ ಜಾಗವಿರಲಿಲ್ಲ. ಪರಿಚಯದವರೊಬ್ಬರು ಬಿಳಿಗೆರೆಯ ಬಸವರಾಜಪ್ಪನವರಿಗೆ ಹೇಳಿ, ಅವರ ತೆಂಗಿನ ತೋಟದೊಳಗೆ ಖಾಲಿ ಬಿದ್ದಿದ್ದ ಹಳೆಯ ಕೊಬ್ಬರಿ ಮನೆಯನ್ನು ಕೊಡಿಸಿದ್ದರು. ಬಸವರಾಜಪ್ಪ ಕೊಬ್ಬರಿ ವ್ಯಾಪಾರದವರು, ಹಗಲೆಲ್ಲ ತಿಪಟೂರಿನಲ್ಲೇ ಇರುತ್ತಿದ್ದರು. ಅವರ ಹೆಂಡತಿ ಸುವರ್ಣಮ್ಮನೇ ಬೀಗ ತೆಗೆದುಕೊಟ್ಟು, ಕಸ ಹೊಡೆಸಿ, ಬಂದ ದಿನದಿಂದ ಭೀಮರಾಜುವಿಗೂ ಅವನ ಹೆಂಡತಿಗೂ ಊಟ ಹಾಕುತ್ತಿದ್ದರು.

"ಯಾರ ಮುಖ ಅಮ್ಮ ಇದು?" ಭೀಮರಾಜು ಮೇಲಿನಿಂದಲೇ ಕೇಳಿದ.

ಸುವರ್ಣಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. "ಭೂತಮ್ಮ ಅಂತ. ನಮ್ಮ ಮಾವನೋರ ಅಪ್ಪನ ಕಾಲ್ದೋಳು. ಈ ತೋಟದ ಜಗಳ ಕೋರ್ಟಿಗೋಗಿತ್ತಂತೆ. ಅವ್ಳು ಸಾಕ್ಷಿ ಹೇಳ್ಬೇಕಾಗಿತ್ತು. ಬಾಯಿ ಬುಡಬಾರ್ದು ಅಂತ ಮಾಟ ಮಾಡ್ಸುದ್ರು. ಅವ್ಳ ಮುಖನೇ ಕೆತ್ಸಿ, ಬಾಯಿಗೆ ಮೊಳೆ ಹೊಡ್ಸುದ್ರು. ಅವತ್ತಿಂದ ಅವ್ಳಿಗೆ ಮಾತಿಲ್ಲ. ಅತ್ರೂ ಸದ್ದಿಲ್ಲ. ಹಂಗೇ ಸೊರಗಿ ಸತ್ಲು."

"ಯಾರು ಮಾಡ್ಸಿದ್ದು?"

ಸುವರ್ಣಮ್ಮ ಬಾಗಿಲಾಚೆಯ ತೋಟದ ಕಡೆ ಮುಖ ತಿರುಗಿಸಿದರು.

"ಈಗ ಮೊಳೆ ಕಿತ್ರೆ ಏನಾಗುತ್ತೆ?"

"ಅವ್ಳ ಗಂಟ್ಲು ಮಣ್ಣಾಗೋಗದೆ ಕಣಪ್ಪ. ಮಾತಾಡ್ಬೇಕಲ್ಲ. ಹತ್ರ ಇದ್ದೋರ ಗಂಟ್ಲು ಕಿತ್ಕತಾಳೆ."

ಸುವರ್ಣಮ್ಮನ ಪಕ್ಕದಲ್ಲಿ ಪವಿತ್ರಾ ನಿಂತಿದ್ದಳು, ಭೀಮರಾಜುವಿನ ಹೆಂಡತಿ. ರೇಡಿಯೊ ನಾಟಕಗಳಿಗೆ, ಜಾಹೀರಾತುಗಳಿಗೆ ದನಿ ಕೊಡುವವಳು. ಅವನು ಮಾಡಿದ ಗೊಂಬೆಗಳೆಲ್ಲ ಅವಳ ಗಂಟಲಿನಲ್ಲೇ ಮಾತಾಡುತ್ತಿದ್ದವು.

"ಕೇಳಿಸ್ಕೊಂಡ್ಯಾ ಪವಿ? ನಿನ್ನ ಕೆಲಸಕ್ಕೆ ಪೈಪೋಟಿ ಬಂತು ಕಣೇ," ಎಂದು ಅವನು ನಕ್ಕ. ತಲೆಯನ್ನು ಎದೆಗೆ ಒತ್ತಿಕೊಂಡು ಏಣಿ ಇಳಿದ. ಸುವರ್ಣಮ್ಮ ಹಿಂದೆ ಹಿಂದೆ ಸರಿದು, ಬಾಗಿಲು ದಾಟಿ, ಬಿಸಿಲಿಗೆ ಹೋಗಿ ನಿಂತರು. ಪವಿತ್ರಾ ನಗುವುದಕ್ಕೆ ನೋಡಿದಳು. ಆದರೆ ಅವಳ ಕಣ್ಣು ಆ ಮೊಳೆಯ ಮೇಲೇ ಇತ್ತು.

"ಬೇರೆ ಮುಖ ಮಾಡೋಕಾಗಲ್ವಾ ರಾಜು?"

"ಇಂಥದ್ದು ನನ್ನ ಕೈಲಿ ಬರಲ್ಲ ಪವಿ. ದವಡೆ ನೋಡು, ಬೇರೆ ತುಂಡು. ಮೋಟರ್ ಕೂರಿಸೋಕೆ ಅಂತ್ಲೇ ಮಾಡಿಟ್ಟ ಹಾಗಿದೆ."

ಸಂಜೆಯೊಳಗೆ ಅವನು ಮೊಳೆ ಕಿತ್ತ. ಇಕ್ಕಳಕ್ಕೆ ಅದು ಸುಲಭವಾಗಿ ಬಗ್ಗಲಿಲ್ಲ. ಕಾಲಿನಲ್ಲಿ ತಲೆಯನ್ನು ಅದುಮಿ ಹಿಡಿದು ತಿರುಚಿದಾಗ, ಮರದೊಳಗಿನಿಂದ ನಾಯಿಮರಿ ಕುಂಯ್‌ಗುಟ್ಟಿದ ಹಾಗೆ ಒಂದು ಸದ್ದು ಹೊರಟಿತು. ಮೊಳೆ ಬಂತು. ತೂತಿನಿಂದ ಕಪ್ಪಗಿನ ಎಣ್ಣೆ ಜಿನುಗಿ ಗಲ್ಲದ ಮೇಲೆ ಇಳಿಯಿತು. ಕೊಳೆತ ಕೊಬ್ಬರಿಯ ನಾತ ಕೋಣೆ ತುಂಬಿತು. ಅಟ್ಟದ ಮೇಲೆ ಕಾಯಿಗಳ ನಡುವೆ ಅಷ್ಟು ವರ್ಷ ಬಿದ್ದ ಮರ, ಎಣ್ಣೆ ಕುಡಿದಿರುತ್ತದೆ ಎಂದುಕೊಂಡು ಅವನು ಬಟ್ಟೆಯಲ್ಲಿ ಒರೆಸಿ ಹಾಕಿದ.

ಮುಂದಿನ ದಿನಗಳು ಕೆಲಸದಲ್ಲಿ ಕರಗಿದವು. ತಲೆಯ ಹಿಂಭಾಗವನ್ನು ಕೊರೆದು ಪೊಳ್ಳು ಮಾಡಿದ. ದವಡೆಗೆ ಒಂದು ಪುಟ್ಟ ಮೋಟರು, ಕಣ್ಣಿಗೆ ಇನ್ನೊಂದು, ಕತ್ತಿಗೆ ಸ್ವಲ್ಪ ದೊಡ್ಡದು. ಕಬ್ಬಿಣದ ಸರಳಿನ ಮೈ ಮಾಡಿ, ಅದಕ್ಕೆ ತೆಂಗಿನ ನಾರು ತುಂಬಿ ಸೀರೆ ಉಡಿಸಿದ. ಎದೆಯೊಳಗೆ ಸ್ಪೀಕರು. ಬೆನ್ನಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಮೈಕ್ರೊಕಂಟ್ರೋಲರ್ ಬೋರ್ಡು. ಅದೇ ಗೊಂಬೆಯ ಮೆದುಳು. ಮುಂದೆ ಯಾರಾದರೂ ಸುಳಿದರೆ ಸೆನ್ಸರು ಅದಕ್ಕೆ ತಿಳಿಸುತ್ತದೆ, ಅದು ಮೆಮೊರಿ ಕಾರ್ಡಿನಲ್ಲಿರುವ ದನಿಯನ್ನು ಹೊರಡಿಸುತ್ತದೆ, ದನಿ ಏರಿದಷ್ಟೂ ದವಡೆಯನ್ನು ಅಗಲ ಮಾಡುತ್ತದೆ. ಪ್ರೋಗ್ರಾಂ ಬರೆದು, ತಿದ್ದಿ, ಮತ್ತೆ ತಿದ್ದಿದ.

ಹಕ್ಕಿಗಳ ಗದ್ದಲ ಸೇರದಿರಲಿ ಎಂದು ಪವಿತ್ರಾ ಅಟ್ಟದ ಕೆಳಗೆ ಕಂಬಳಿ ಹೊದ್ದು ಕುಳಿತು ದನಿ ಕೊಟ್ಟಳು. "ಯಾರದು... ಹತ್ರ ಬನ್ನಿ... ಒಬ್ಳನ್ನೇ ಬಿಟ್ಟು ಹೋಗ್ಬೇಡಿ..." ಅಷ್ಟೇ ಮಾತು. ಮುಗಿಸಿ ಕಂಬಳಿ ಸರಿಸಿದಾಗ ಅವಳ ಮುಖ ಬೆವರಿನಲ್ಲಿ ತೊಯ್ದಿತ್ತು.

"ಒಳಗೆ ಯಾರೋ ನನ್ನ ಜೊತೆಗೇ ಹೇಳ್ತಿದ್ದ ಹಾಗಿತ್ತು ರಾಜು."

"ಕಂಬಳಿ ಒಳಗೆ ಎಕೋ ಆಗುತ್ತೆ."

ಮೊದಲ ಸಲ ಬ್ಯಾಟರಿ ಕೂಡಿಸಿ, ಅವನು ಗೊಂಬೆಯ ಮುಂದೆ ಹಾದುಹೋದ. ಮುದುಕಿ ತಲೆಯೆತ್ತಿತು. ಕಣ್ಣು ಅವನ ಹಿಂದೆಯೇ ಹೊರಳಿತು. ಬಾಯಿ ನಿಧಾನಕ್ಕೆ ತೆರೆಯಿತು. "ಯಾರದು..." ಎಂದಿತು. ಅವನಿಗೆ ರೋಮಾಂಚನವಾಯಿತು. ಇಷ್ಟು ವರ್ಷದಲ್ಲಿ ಇಂಥ ಗೊಂಬೆಯನ್ನು ಅವನು ಮಾಡಿರಲಿಲ್ಲ. ತಿರುಗಿ ಹೆಂಡತಿಯನ್ನು ನೋಡಿದ. ಅವಳು ಗಂಟಲು ಸವರಿಕೊಳ್ಳುತ್ತಿದ್ದಳು.

ಮಾರನೆಯ ಬೆಳಗ್ಗೆ ಪವಿತ್ರಾಳ ದನಿ ಒಡೆದಿತ್ತು. ನಾರಿನ ದೂಳು ಎಂದುಕೊಂಡರು. ಸುವರ್ಣಮ್ಮ ಶುಂಠಿ ಕಷಾಯ ಕಾಯಿಸಿ ಕೊಟ್ಟರು. ಲೋಟ ಕೊಟ್ಟವರು ಕೊಬ್ಬರಿ ಮನೆಯೊಳಗೆ ಕಾಲಿಡಲಿಲ್ಲ. ಗೊಂಬೆಯ ದನಿ ಮಾತ್ರ ದಿನದಿಂದ ದಿನಕ್ಕೆ ತಿಳಿಯಾಗುತ್ತಿತ್ತು. ಮೊದಮೊದಲು ಸ್ಪೀಕರಿನ ಗರಗರ ಇತ್ತು. ಆಮೇಲೆ ಅದೂ ಹೋಯಿತು. ಆಡುವ ಮುಂಚೆ ಗೊಂಬೆ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಹಾಗೆ ಉಸಿರೆಳೆದುಕೊಂಡದ್ದು ರೆಕಾರ್ಡಿಂಗಿನಲ್ಲಿ ಇತ್ತೇ? ಇದ್ದಿರಬೇಕು ಎಂದು ಭೀಮರಾಜು ತನಗೆ ತಾನೇ ಹೇಳಿಕೊಂಡ.

ಒಂದು ಮಧ್ಯಾಹ್ನ ಅವನು ಗೊಂಬೆಗೆ ಬೆನ್ನು ಹಾಕಿ ಕುಳಿತು ತಂತಿ ಬೆಸೆಯುತ್ತಿದ್ದ. ತೋಟದಲ್ಲಿ ಗಾಳಿಯಿಲ್ಲ. ಒಂದು ಗರಿಯೂ ಅಲುಗುತ್ತಿಲ್ಲ.

"ರಾಜು, ಕಾಫಿ ಆರೋಗುತ್ತೆ ಬಾ."

"ಬಂದೆ ಕಣೇ," ಎಂದ ಅವನು, ತಲೆಯೆತ್ತದೆ.

ಎದುರಿನ ಬಾಗಿಲಿನಲ್ಲಿ ನೆರಳು ಬಿತ್ತು. ಪವಿತ್ರಾ ನಿಂತಿದ್ದಳು, ಕೈಯಲ್ಲಿ ಎರಡು ಲೋಟ. ಅವಳು ಆಗಷ್ಟೇ ಬಂದಿದ್ದಳು. ಅವಳ ತುಟಿ ಆಡುತ್ತಿತ್ತು. ಏನೋ ಹೇಳುತ್ತಿದ್ದಳು. ಅವನಿಗೆ ಏನೂ ಕೇಳಲಿಲ್ಲ. ಅವಳಿಗೂ ಕೇಳಲಿಲ್ಲ. ಅವಳು ಮತ್ತೆ ಹೇಳಿದಳು, ಕತ್ತಿನ ನರ ಉಬ್ಬುವ ಹಾಗೆ. ಗಾಳಿಯಷ್ಟೂ ಸದ್ದು ಬರಲಿಲ್ಲ. ಲೋಟಗಳು ಕೈಜಾರಿ ಉರುಳಿದವು.

ಭೀಮರಾಜು ನಿಧಾನಕ್ಕೆ ಹಿಂದಿರುಗಿ ನೋಡಿದ. ಗೊಂಬೆಯ ಬಾಯಿ ತೆರೆದೇ ಇತ್ತು.

ಅವನು ಬ್ಯಾಟರಿಯನ್ನು ಕಿತ್ತ. ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಕೇಳಿದ. ಅದೇ ಹಳೆಯ ಮಾತುಗಳು, ಬೇರೇನಿಲ್ಲ. ಬೋರ್ಡನ್ನು ಬಿಚ್ಚಿ ನೆಲಕ್ಕಿಟ್ಟ. ಎದೆಯೊಳಗೆ ಕೈ ಹಾಕಿ ಸ್ಪೀಕರನ್ನು ತಂತಿಯ ಸಮೇತ ಕಿತ್ತು ತೆಗೆದ. ಈಗ ಅಲ್ಲಿ ಇದ್ದದ್ದು ಮರ, ಸರಳು, ನಾರು, ಸೀರೆ, ಕರೆಂಟಿಲ್ಲದ ಮೋಟರು. ಅಷ್ಟೇ.

ದವಡೆ ಅಲುಗಿತು.

"ಆರೋಗುತ್ತೆ ಬಾ," ಎಂದಿತು. ಪವಿತ್ರಾಳ ದನಿ. ಬೆಳಗಿನ ಹೊತ್ತು ಅಡುಗೆಮನೆಯಿಂದ ಕರೆಯುವ ಅದೇ ಸಲುಗೆ, ಅದೇ ಸಣ್ಣ ಸಿಡುಕು. ಮೇಲೆ ಅಟ್ಟದಲ್ಲಿ ಒಣಗಿದ ಕಾಯಿಗಳೆಲ್ಲ ಒಮ್ಮೆಗೇ ಲೊಟಲೊಟನೆ ಅಲುಗಿದವು. ಒಂದೊಂದರೊಳಗೂ ಯಾರೋ ನಗುತ್ತಿದ್ದ ಹಾಗೆ.

ತಿಪಟೂರಿನ ಡಾಕ್ಟರು ಗಂಟಲಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿರುವುದೇ ಅವರಿಗೆ ಅರ್ಥವಾಗುತ್ತಿರಲಿಲ್ಲ. ಕೆಮ್ಮಿ ಎಂದರು. ಪವಿತ್ರಾ ಕೆಮ್ಮಿದಳು, ಎದೆ ಕುಲುಕಿತು, ಸದ್ದಿಲ್ಲ. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಭೀಮರಾಜು ಗಮನಿಸಿದ. ಅವಳ ಕೈಬಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಸದ್ದು ಮಾಡುತ್ತಿರಲಿಲ್ಲ. ಅವನು ಅವಳ ಕೈಹಿಡಿದು ಅಲುಗಿಸಿದ. ಗಾಜಿನ ಬಳೆಗಳು, ಹತ್ತಿಯವೆನ್ನುವ ಹಾಗೆ ಸುಮ್ಮನೆ ಅಲುಗಿದವು. ಪವಿತ್ರಾ ಅವನ ಮುಖ ನೋಡಿದಳು. ಕೈ ಹಿಂದಕ್ಕೆಳೆದುಕೊಂಡು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಕೊಬ್ಬರಿ ಮನೆಯ ಮುಚ್ಚಿದ ಬಾಗಿಲ ಹಿಂದೆ ಬಳೆ ಸದ್ದಾಗುತ್ತಿತ್ತು. ಗೊಂಬೆಗೆ ಅವನು ಕೈಗಳನ್ನೇ ಇನ್ನೂ ಮಾಡಿರಲಿಲ್ಲ.

ಅವನು ಬೀಗ ತೆಗೆದು, ಮೊಳೆಯನ್ನೂ ಸುತ್ತಿಗೆಯನ್ನೂ ಹಿಡಿದು ಒಳಗೆ ಹೋದ. ಹಳೆಯ ತೂತಿಗೇ ಮೊಳೆಯನ್ನಿಟ್ಟು ಹೊಡೆದ. ಒಂದೇ ಏಟು. ಹೊರಗೆ ಧೊಪ್ಪನೆ ಏನೋ ಬಿತ್ತು. ಓಡಿಬಂದು ನೋಡಿದರೆ ಪವಿತ್ರಾ ಅಂಗಳದಲ್ಲಿ ಮಂಡಿಯೂರಿ ಬಿದ್ದಿದ್ದಳು. ಬಾಯಿಗೆ ಎರಡು ಕೈಯನ್ನೂ ಒತ್ತಿಕೊಂಡಿದ್ದಳು. ಬೆರಳ ಸಂದಿನಿಂದ ರಕ್ತ ಇಳಿಯುತ್ತಿತ್ತು. ಮೇಲ್ದುಟಿಯ ನಡುವೆ, ಮೊಳೆಯಷ್ಟೇ ದಪ್ಪನೆಯ ತೂತು.

ಅವನ ಕೈಯಿಂದ ಸುತ್ತಿಗೆ ಬಿತ್ತು. ಅವಳನ್ನು ತಬ್ಬಿಕೊಂಡು ನೆಲದ ಮೇಲೆ ಕುಳಿತ. ಅವಳು ಅಳುತ್ತಿದ್ದಳು. ಅಳು ಅವನ ಕಿವಿಗೆ ಬೀಳುತ್ತಿತ್ತು, ಅವನ ಬೆನ್ನ ಹಿಂದಿನಿಂದ, ಕೊಬ್ಬರಿ ಮನೆಯ ಒಳಗಿನಿಂದ.

ಅವತ್ತೇ ಸುವರ್ಣಮ್ಮ ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಟ್ಟಿಗೆ ಹೇಳಿ ಕಳಿಸಿದರು. ಮಾಟ ತೆಗೆಯುವ ಹುಚ್ಚರಂಗಯ್ಯ ಮರುದಿನ ಬಂದ. ಆದರೆ ತೋಟದೊಳಗೆ ಬರಲಿಲ್ಲ. ರಸ್ತೆಯ ಆಚೆ ನಿಂತು, ಬೇಲಿಯ ಮೇಲಿನಿಂದ ಒಮ್ಮೆ ಒಳಗೆ ನೋಡಿದ. ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಟವೆಲಿನಲ್ಲಿ ತುಟಿ ಒರೆಸಿಕೊಂಡ.

"ಮೊಳೆ ಕಿತ್ತೋನು ನೀನೇ ಏನ್ಲಾ?"

"ನಾನೇ."

"ಕೂಗ್ದಾಗ ಓಗೊಟ್ಟಾ?"

ಭೀಮರಾಜು ಹೌದೆಂದು ತಲೆಯಾಡಿಸಿದ.

ಹುಚ್ಚರಂಗಯ್ಯ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. "ಸುಡ್ಬೇಕು. ಬ್ಯಾರೆ ದಾರಿ ಇಲ್ಲ. ಕರಟದ ಬೆಂಕಿಲಿ, ದೀಪ ಹಚ್ಚೋ ಹೊತ್ಗೆ. ಮನೆ ಬ್ಯಾಡ, ನೀರಿನ ಪಕ್ಕ. ನೀನೊಬ್ನೇ ಇರ್ಬೇಕು, ಕಿತ್ತೋನೇ ಸುಡ್ಬೇಕು. ಉರ್ಯೋವಾಗ ಅದು ಕೂಗ್ತದೆ. ನಿನ್ನ ಹೆಂಡ್ತಿ ಗಂಟ್ಲಲ್ಲೇ ಕೂಗ್ತದೆ. ಏನ್ ಹೇಳುದ್ರೂ ಓ ಅನ್ಬ್ಯಾಡ. ಇನ್ನೊಂದ್ಸಲ ಓ ಅಂದ್ರೆ ಆ ಹೆಣ್ಣು ಉಸ್ರೂ ಅದ್ಕೇ ಹೋಯ್ತದೆ. ಬೆಂಕಿ ಬಿಟ್ಟು ಅತ್ತಿತ್ತ ತಿರುಗ್ಬ್ಯಾಡ. ಬೂದಿ ಆದ್ಮೇಲೆ ನೀರಿಗೆ ಸುರಿ. ಬಗ್ಗಿ ನೋಡ್ಬ್ಯಾಡ. ಹಂಗೇ ಬಂದ್ಬುಡು."

"ಅವಳ ದನಿ ವಾಪಸ್ ಬರುತ್ತಾ?"

"ಅದು ಸುಟ್ಟೋದ್ರೆ ಬತ್ತದೆ." ಹೇಳಿ ಅವನು ಹಿಂದಿರುಗಿ ನೋಡದೆ ನಡೆದ. ಸುವರ್ಣಮ್ಮ ಕೊಡಲು ಬಂದ ಎಳನೀರನ್ನೂ ಮುಟ್ಟಲಿಲ್ಲ.

ಪವಿತ್ರಾಳನ್ನು ಸುವರ್ಣಮ್ಮನ ಮನೆಯಲ್ಲಿ ಬಿಟ್ಟ. ಮನೆ ರಸ್ತೆಯ ಬದಿಗಿತ್ತು, ತೋಟದ ಇನ್ನೊಂದು ತುದಿ. ಅವಳು ಅವನ ಅಂಗಿಯ ತೋಳು ಹಿಡಿದು ಬಿಡಲಿಲ್ಲ. "ನಾನು ಬರೋವರೆಗೂ ಎಲ್ಲೂ ಹೋಗ್ಬೇಡ," ಎಂದ. ಅವಳು ತಲೆಯಾಡಿಸಿದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೊರಟ.

ತೋಟದ ನಡುವೆ ಒಂದು ಹಳೆಯ ಬಾವಿಯಿತ್ತು. ಬೋರ್‌ವೆಲ್ ಕೊರೆಸಿದ ಮೇಲೆ ಯಾರೂ ಅದನ್ನು ಕೇಳುವವರಿರಲಿಲ್ಲ. ಕಟ್ಟೆ ಕುಸಿದು ನೆಲದ ಸಮಕ್ಕೆ ಬಂದಿತ್ತು. ಸುತ್ತ ಲಂಟಾನದ ಪೊದೆ ಮುಚ್ಚಿಕೊಂಡಿತ್ತು. ಈ ಸಲದ ಮಳೆಗೆ ಅದರಲ್ಲಿ ನೀರು ನಿಂತಿತ್ತು. ಅದರ ಪಕ್ಕದ ಬಯಲಿನಲ್ಲಿ ಅವನು ಕರಟ ಗುಡ್ಡೆ ಹಾಕಿ, ಅದರ ಮೇಲೆ ಗೊಂಬೆಯನ್ನು ಮಲಗಿಸಿದ. ತರುವಾಗ ಅದು ಹೆಗಲ ಮೇಲೆ ಬೆಚ್ಚಗಿತ್ತು. ಮಗುವಿನ ಹಾಗೆ.

ಬೆಂಕಿ ಕೊಟ್ಟ. ಕರಟ ಚಟಚಟನೆ ಹತ್ತಿಕೊಂಡಿತು. ನಾರು ಭಗ್ಗನೆ ಎದ್ದಿತು. ಎಣ್ಣೆಯ ಕಪ್ಪು ಹೊಗೆ ತೆಂಗಿನ ಗರಿಗಳ ತನಕ ಏರಿ, ಮೇಲೆ ಹೋಗಲಾರದೆ ಮತ್ತೆ ಕೆಳಗಿಳಿಯಿತು. ಕಣ್ಣು ಉರಿಯಿತು. ಸೂರ್ಯ ಆಗಲೇ ಮುಳುಗಿದ್ದ. ಮರಗಳ ಬುಡದಲ್ಲಿ ಕತ್ತಲು ಸೇರಿಕೊಳ್ಳುತ್ತಿತ್ತು.

"ಯಾರದು..." ಎಂದಿತು ಬೆಂಕಿ.

ಅವನು ಹಲ್ಲು ಕಚ್ಚಿ ನಿಂತ.

"ಹತ್ರ ಬನ್ನಿ... ರಾಜು, ಹತ್ರ ಬಾ... ಬಿಸಿ ಕಣೋ... ಚರ್ಮ ಸುಡ್ತಿದೆ ರಾಜು..."

ಅವಳದೇ ದನಿ. ಜ್ವರ ಬಂದಾಗ ನರಳುವ ಅವಳದೇ ದನಿ. ಅವನು ಕಣ್ಣುಮುಚ್ಚಿದ. ಮುಚ್ಚಿದರೆ ಇನ್ನೂ ಹತ್ತಿರವಾಯಿತು. ಕಣ್ಣು ಬಿಟ್ಟು, ಕೋಲಿನಿಂದ ಕರಟಗಳನ್ನು ಗೊಂಬೆಯ ಮುಖದ ಮೇಲೆ ದೂಡಿದ. ದನಿ ಕಿರುಚಿತು. ಬೈಯಿತು. ಬೇಡಿಕೊಂಡಿತು. ಅವರಿಬ್ಬರಿಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲದ ಮಾತುಗಳನ್ನು ಆಡಿತು. ಅವನ ಬಾಯಿ ತಾನಾಗಿ ತೆರೆಯುತ್ತಿತ್ತು. ಟವೆಲನ್ನು ಬಾಯೊಳಗೆ ತುರುಕಿಕೊಂಡ.

ಮರ ಸೀಳಿತು. ಒಳಗಿನಿಂದ ಏನೋ ಸಿಡಿದು, ದವಡೆ ಕಳಚಿ ಬೆಂಕಿಯೊಳಗೆ ಬಿತ್ತು. ಮುಖ ಕೆಂಡವಾಯಿತು.

ಸದ್ದು ನಿಂತಿತು.

ಆಹಾ, ಎಷ್ಟು ನಿಶ್ಶಬ್ದ. ಕೆಂಡಗಳ ಚಿಟಪಟ ಮಾತ್ರ. ಅವನು ನೆಲಕ್ಕೆ ಕುಳಿತ. ಕೆಂಡದೊಳಗೆ ತಲೆಯ ಆಕಾರ ಇನ್ನೂ ಇತ್ತು. ಬೂದಿಯಾಗುವ ತನಕ ಏಳುವಂತಿಲ್ಲ. ಕತ್ತಲಾಗುತ್ತಿತ್ತು. ದೂರದಲ್ಲಿ, ಮರಗಳ ನಡುವೆ ಎಲ್ಲೋ, ಸದ್ದು.

"ರಾಜೂ..."

ಅವನು ಟವೆಲನ್ನು ಮತ್ತೆ ಕಚ್ಚಿದ.

"ರಾಜೂ, ಎಲ್ಲಿದೀಯ? ಕೇಳ್ತಿದೆಯಾ ನಿನಗೆ? ನನ್ನ ದನಿ..."

ಈಗ ಅದು ನಗುತ್ತಿತ್ತು. ಅಳುತ್ತ ನಗುತ್ತಿತ್ತು. ಎಷ್ಟು ಚೆನ್ನಾಗಿ ನಟಿಸುತ್ತದೆ ಎಂದುಕೊಂಡ. ಕಣ್ಣನ್ನು ಕೆಂಡದ ಮೇಲಿಂದ ಸರಿಸಲಿಲ್ಲ. ಬಳೆ ಸದ್ದು. ತರಗಿನ ಮೇಲೆ ಓಡುವ ಹೆಜ್ಜೆ. ಎಲ್ಲವೂ ಅದಕ್ಕೆ ಬರುತ್ತದೆ. ಎಲ್ಲವನ್ನೂ ಕದ್ದಿದೆ. ಪೊದೆ ಸರಸರ ಎಂದಿತು. ಕಲ್ಲು ಜಾರಿತು. ಒಂದು ಚೀರು, ಅರ್ಧಕ್ಕೇ ನಿಂತಿತು. ನೀರು ಅಪ್ಪಳಿಸಿದ ಸದ್ದು.

ಅವನು ತಿರುಗಲಿಲ್ಲ.

"ರಾಜು." ಈಗ ಕೆಳಗಿನಿಂದ. ಎಡಗಡೆಯಿಂದ. ನೆಲದೊಳಗಿಂದ. "ಬಿದ್ದೆ ಕಣೋ. ಬೆಂಕಿ ಕಾಣ್ತಿತ್ತು, ಓಡ್ಬಂದೆ. ಕೈ ಕೊಡು."

ಬಾಯೊಳಗಿನ ಟವೆಲನ್ನು ಇನ್ನೂ ಒಳಕ್ಕೆ ಒತ್ತಿಕೊಂಡ.

"ರಾಜು, ಕಾಲಿಗೆ ನೆಲ ಸಿಗ್ತಿಲ್ಲ. ಅಲ್ಲೇ ಇದೀಯಲ್ಲ ನೀನು. ಹೊಗೆ ಕಾಣ್ತಿದೆ ನನಗೆ. ನಾನು ಕಣೋ. ನಿಜವಾಗ್ಲೂ ನಾನು."

ಒಂದು ಕ್ಷಣ ಅವನಿಗೆ ಹೊಳೆಯಿತು. ದವಡೆ ಸುಟ್ಟುಹೋಗಿದೆ. ಬಾಯಿಯೇ ಇಲ್ಲ. ಮತ್ತೆ ಈ ದನಿ? ಆದರೆ ಸ್ಪೀಕರು ಕಿತ್ತಾಗಲೂ ಅದು ಮಾತಾಡಿತ್ತಲ್ಲ. ಬೋರ್ಡು ಕಿತ್ತಾಗಲೂ. ಅದಕ್ಕೆ ಯಾವುದೂ ಬೇಕಿರಲಿಲ್ಲ. ಓ ಅಂದರೆ ಅವಳ ಉಸಿರೇ ಹೋಗುತ್ತದೆ. ಅವಳು ಸುವರ್ಣಮ್ಮನ ಮನೆಯಲ್ಲಿದ್ದಾಳೆ. ಬಾಗಿಲು ಹಾಕಿದೆ. ದೀಪ ಹಚ್ಚಿದೆ. ಕ್ಷೇಮವಾಗಿದ್ದಾಳೆ. ನಾರನ್ನು ಉಂಡೆ ಮಾಡಿ ಎರಡು ಕಿವಿಗೂ ತುರುಕಿಕೊಂಡ. ಮೇಲೆ ಅಂಗೈ ಒತ್ತಿದ. ಆದರೂ ಕೇಳಿತು. ಕಲ್ಲಿನ ಮೇಲೆ ಉಗುರು ಪರಚುವುದು. ನೀರು ಬಡಿಯುವುದು. ಅವನ ಹೆಸರು. ಮತ್ತೆ ಅವನ ಹೆಸರು. ಆಮೇಲೆ ಬರೀ ರಾ. ಆಮೇಲೆ ಗುಳಗುಳ. ಅವನು ಅಳುತ್ತಿದ್ದ. ಟವೆಲು ಕಚ್ಚಿ, ಮುಂದಕ್ಕೆ ಹಿಂದಕ್ಕೆ ತೂಗುತ್ತ, ಕೆಂಡ ನೋಡುತ್ತ ಅಳುತ್ತಿದ್ದ.

ಕೊನೆಗೆ ಅದೂ ನಿಂತಿತು.

ತಲೆಯ ಆಕಾರ ಕುಸಿದು ಪುಡಿಯಾಯಿತು. ಇನ್ನೂ ಕೆಂಪಗಿದ್ದ ಬೂದಿಯನ್ನು ಬಾಂಡಲಿಗೆ ಗುದ್ದಲಿಯಲ್ಲಿ ಎಳೆದುಕೊಂಡ. ಹಿಮ್ಮುಖವಾಗಿ ಹೆಜ್ಜೆಯಿಟ್ಟು ಬಾವಿಯ ಅಂಚಿಗೆ ಹೋದ. ಬಗ್ಗಿ ನೋಡದೆ, ಮುಖವನ್ನು ಆಚೆ ತಿರುಗಿಸಿಕೊಂಡು, ಬಾಂಡಲಿ ಬೋರಲು ಹಾಕಿದ. ಕೆಳಗೆ ಚುಂಯ್ ಎಂದಿತು. ಬಿಸಿ ಆವಿ ಅವನ ಮೊಣಕೈಗೆ ತಾಗಿತು.

ಅವನು ಓಡಿದ. ಎದೆ ಹಗುರವಾಗಿತ್ತು. ಕಿವಿಯ ನಾರನ್ನು ಕಿತ್ತೆಸೆದ. ಜೀರುಂಡೆಗಳ ಸದ್ದು, ರಸ್ತೆಯಲ್ಲಿ ಹೋಗುವ ಬೈಕಿನ ಸದ್ದು, ಎಲ್ಲ ಎಂದಿನ ಹಾಗೇ ಇದ್ದವು.

ಸುವರ್ಣಮ್ಮ ಜಗಲಿಯ ಮೇಲೆ ನಿಂತಿದ್ದರು. ಅವರ ಮುಖ ಅರಳಿತ್ತು. ಅಷ್ಟು ದಿನದಲ್ಲಿ ಅವರು ನಕ್ಕಿದ್ದನ್ನು ಅವನು ನೋಡಿದ್ದು ಅದೇ ಮೊದಲು.

"ಮಾತು ಬಂತು ಕಣಪ್ಪ. ಕುಂತಿದ್ದಂಗೇ 'ಅಮ್ಮ' ಅಂದ್ಲು. ನನ್ನನ್ನ ತಬ್ಬಿಕೊಂಡು ಅತ್ಲು," ಎಂದರು. ಅವನ ಬೆನ್ನ ಹಿಂದೆ ಕತ್ತಲಿನಲ್ಲಿ ಕಣ್ಣಾಡಿಸಿದರು. "ಎಲ್ಲಿ, ನಿನ್ನ ಜೊತೆ ಬರ್ಲಿಲ್ವಾ?"

ಭೀಮರಾಜು ಅವರನ್ನೇ ನೋಡಿದ.

"ನಾನೇ ಹೋಗಿ ಅವ್ರಿಗೆ ಹೇಳ್ತೀನಿ ಅಂತಿದ್ಲು. ಬ್ಯಾಡ ಕಣವ್ವ, ಅವ್ನೇ ಬರ್ಲಿ ಇರು ಅಂದೆ. ದ್ಯಾವ್ರಿಗೆ ದೀಪ ಹಚ್ಚಿ ಬರೋದ್ರೊಳ್ಗೆ ಓಡೋಗವ್ಳೆ. ಬೆಂಕಿ ತಾವ್ಕೆ ಬರ್ಲಿಲ್ವೇನಪ್ಪ? ಯಾಕಂಗೆ ನೋಡ್ತೀಯ?"

ಅವನ ಬಾಯಿಂದ ಹೊರಟದ್ದು ಮಾತಾಗಿರಲಿಲ್ಲ. ಸುವರ್ಣಮ್ಮನ ಕೈಯ ದೀಪ ಕೆಳಗೆ ಬಿತ್ತು.

ಬಸವರಾಜಪ್ಪ ಆಗತಾನೇ ತಿಪಟೂರಿನಿಂದ ಬಂದಿದ್ದರು. ಅಕ್ಕಪಕ್ಕದ ತೋಟದವರನ್ನು ಕೂಗಿ ಕರೆದರು. ಹಗ್ಗ ಬಂತು, ಟಾರ್ಚುಗಳು ಬಂದವು. ಭೀಮರಾಜು ಬಾವಿಗೆ ಹಾರಲು ಹೋದಾಗ ಇಬ್ಬರು ಅವನನ್ನು ಹಿಡಿದು ನೆಲಕ್ಕೆ ಕೂರಿಸಿದರು. ಕಾಯಿ ಕೀಳುವ ಒಬ್ಬ ಇಳಿದ. ಬೆಳಕು ಬಾವಿಯ ಗೋಡೆಯ ಮೇಲೆ ಹರಿಯಿತು. ಹಸಿರು ಪಾಚಿಯ ಮೇಲೆ ಬೆರಳ ಗುರುತುಗಳಿದ್ದವು. ಒಂದರ ಮೇಲೊಂದು, ಕೈಗೆಟುಕುವಷ್ಟು ಎತ್ತರದ ತನಕ ಏರಿ, ಅಲ್ಲಿಂದ ಉದ್ದಕ್ಕೆ ಕೆಳಗಿಳಿದಿದ್ದವು.

ಅವಳನ್ನು ಮೇಲಕ್ಕೆ ತಂದು ಚಾಪೆಯ ಮೇಲೆ ಮಲಗಿಸಿದರು. ಕೂದಲಿನಲ್ಲಿ, ರೆಪ್ಪೆಯಲ್ಲಿ, ತೆರೆದ ಬಾಯೊಳಗೆ ಬೂದಿ ಕೂತಿತ್ತು. ಸುವರ್ಣಮ್ಮ ಸೆರಗಿನಿಂದ ಅದನ್ನು ಒರೆಸುತ್ತಿದ್ದರು. ಒರೆಸಿದಷ್ಟೂ ಮೆತ್ತಿಕೊಳ್ಳುತ್ತಿತ್ತು.

ಬಸವರಾಜಪ್ಪ ಆರಿದ ಬೆಂಕಿಯನ್ನು ನೋಡಿದರು, ಬಾವಿಯನ್ನು ನೋಡಿದರು. ಎರಡರ ನಡುವೆ ಅಂತರವೇ ಇರಲಿಲ್ಲ. ಅವರು ಭೀಮರಾಜುವಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಹೆಗಲ ಮೇಲೆ ಕೈಯಿಟ್ಟರು.

"ನೀನು ಇಲ್ಲೇ ಇದ್ಯಲ್ಲಪ್ಪ," ಎಂದರು ಮೆಲ್ಲಗೆ. "ಬಿದ್ದಾಗ ಕೂಗ್ಲಿಲ್ವಾ ಅವ್ಳು?"

"ಕೂಗಿದ್ಲು," ಎಂದ ಭೀಮರಾಜು. "ತುಂಬಾ ಹೊತ್ತು ಕೂಗಿದ್ಲು."